ನಿಶ್ಚಯದ ಉಂಗುರಕ್ಕೆ ಜೋಡಿ ವಜ್ರದುಂಗುರ: ಮೇಲಿಂದ ಅಲ್ಲ, ಪಕ್ಕದಿಂದ ನೋಡಿ

ಹುಬ್ಬಳ್ಳಿಯ ಒಡವೆ ಅಂಗಡಿಯಲ್ಲಿ ವಜ್ರದುಂಗುರ ಕೈಗೆ ಬಂದ ತಕ್ಷಣ ಕೇಳಿಬರುವ ಪ್ರಶ್ನೆ ಒಂದೇ: "ಎಷ್ಟ್ ಸೆಂಟ್ ಐತ್ರಿ?" ಸೆಂಟ್ ಅಂದರೆ ವಜ್ರದ ತೂಕದ ಅಳತೆ. ಒಂಟಿ ಉಂಗುರ ಕೊಳ್ಳುವವರಿಗೆ ಅದು ಸರಿಯಾದ ಪ್ರಶ್ನೆಯೇ. ಆದರೆ ಬೆರಳಲ್ಲಿ ಆಗಲೇ ನಿಶ್ಚಯದ ಉಂಗುರ ಇದೆ, ಅದರ ಪಕ್ಕಕ್ಕೆ ಇನ್ನೊಂದು ಬೇಕು ಅಂದಾಗ ಸೆಂಟ್ ಲೆಕ್ಕ ಹಿಂದಕ್ಕೆ ಸರಿಯಬೇಕು. ಈ ಎರಡು ಉಂಗುರ ಒಂದಕ್ಕೊಂದು ಅಂಟಿ ಕೂರುತ್ತವೆಯೇ? ಕೂತ ಮೇಲೆ ಒಂದನ್ನೊಂದು ಸವೆಸುತ್ತವೆಯೇ? ಮೊದಲು ಕೇಳಬೇಕಾದ್ದು ಇವು. ಇದಕ್ಕೆ ಉತ್ತರ ಸಿಕ್ಕರೆ ಉಳಿದದ್ದು ಸುಲಭ. ಸಿಗದಿದ್ದರೆ ಎಷ್ಟೇ ದುಬಾರಿ ಕಲ್ಲು ಕೂರಿಸಿದರೂ ಸ್ವಲ್ಪ ದಿನದಲ್ಲಿ ಎರಡರಲ್ಲಿ ಒಂದು ತಿಜೋರಿ ಸೇರುತ್ತದೆ.

ನಮ್ಮ ಕಡೆ ಈ ಎರಡನೇ ಉಂಗುರಕ್ಕೆ ಇಂಥದ್ದೇ ಜಾಗ ಅಂತ ಇಲ್ಲ. ನಿಶ್ಚಯದ ದಿನ ಉಂಗುರ ಬದಲಿಸುತ್ತೇವೆ. ಮದುವೆಯಲ್ಲಿ ತಾಳಿ, ಕಾಲುಂಗುರ. ಪಾಟ್ಲಿ, ಬಿಲವಾರ, ಬೋರಮಾಳ ಎಲ್ಲ ಮುಗಿದು ರೊಕ್ಕ ಉಳಿದರೆ "ಒಂದು ವಜ್ರದ್ದೂ ಇರಲಿ" ಅಂತ ಪಟ್ಟಿಯ ಕೊನೆಗೆ ಸೇರುತ್ತದೆ. ಕೆಲವರು ಮೊದಲ ವರ್ಷದ ಮದುವೆ ದಿನಕ್ಕೆ ತಗೊಳ್ಳುತ್ತಾರೆ, ಕೆಲವರು ಮಗು ಹುಟ್ಟಿದಾಗ. ಕ್ರೈಸ್ತ ಮನೆಗಳಲ್ಲಿ ಮದುವೆಗೇ ಇನ್ನೊಂದು ಉಂಗುರ ಬರುತ್ತದೆ. ಹೇಗೇ ಬರಲಿ, ಕೊನೆ ಗಳಿಗೆಯ ಖರೀದಿ ಆಗಿರುವುದರಿಂದ ಮೊದಲ ಉಂಗುರವನ್ನು ಮನೆಯಲ್ಲೇ ಬಿಟ್ಟು ಅಂಗಡಿಗೆ ಹೋಗುವವರು ಜಾಸ್ತಿ. ಫೋನಿನಲ್ಲಿ ಫೋಟೊ ಇದೆಯಲ್ಲ ಅನ್ನುತ್ತಾರೆ. ಫೋಟೊ ಸಾಲದು. ಉಂಗುರವೇ ಬೇಕು, ಅದನ್ನು ಹಾಕಿಕೊಳ್ಳುವ ಬೆರಳೂ ಬೇಕು. ಹೆಂಡತಿಗೆ ಗೊತ್ತಾಗದಂತೆ ತಂದುಕೊಡುವ ಆಸೆ ಇದ್ದರೆ ಕಿವಿಯೋಲೆ ತನ್ನಿ. ಜೋಡಿ ಉಂಗುರ ಗುಟ್ಟಾಗಿ ಕೊಳ್ಳುವ ವಸ್ತು ಅಲ್ಲ.

ಕೂರುವ ಲೆಕ್ಕ

ಒಂದೇ ಕಲ್ಲಿನ ಉಂಗುರದಿಂದ ಶುರು ಮಾಡೋಣ. ಅಂಗಡಿಯವರು ಸಾಲಿಟೇರ್ ಅನ್ನುತ್ತಾರೆ. ಕಲ್ಲು 50 ಸೆಂಟ್ ಅಂತಿಟ್ಟುಕೊಳ್ಳಿ. 100 ಸೆಂಟಿಗೆ 1 ಕ್ಯಾರೆಟ್. 1 ಕ್ಯಾರೆಟ್ ಅಂದರೆ 200 ಮಿಲಿಗ್ರಾಂ ತೂಕ. 50 ಸೆಂಟಿನ ದುಂಡು ವಜ್ರದ ಅಗಲ ಸುಮಾರು 5.1 ಮಿ.ಮೀ. ಉಂಗುರದ ಪಟ್ಟಿ 2 ಮಿ.ಮೀ. ಅಗಲ ಇದ್ದರೆ, ಕಲ್ಲು ಎರಡೂ ಬದಿಗೆ ಒಂದೂವರೆ ಮಿ.ಮೀ. ಹೊರಗೆ ಚಾಚಿರುತ್ತದೆ. 1 ಕ್ಯಾರೆಟ್ ಕಲ್ಲಾದರೆ ಅಗಲ ಸುಮಾರು 6.5 ಮಿ.ಮೀ., ಚಾಚು ಎರಡೂಕಾಲು ಮಿ.ಮೀ. ಈಗ ಪಕ್ಕಕ್ಕೆ ನೇರವಾದ ಇನ್ನೊಂದು ಉಂಗುರ ತಂದಿಡಿ. ಚಾಚಿದ ಕಲ್ಲಿನ ಕೆಳಗೆ ನುಸುಳಲು ಜಾಗ ಇದ್ದರೆ ಎರಡೂ ಪಟ್ಟಿಗಳು ಅಂಟಿ ಕೂರುತ್ತವೆ. ಜಾಗ ಇಲ್ಲದಿದ್ದರೆ ಹೊಸ ಉಂಗುರ ಕಲ್ಲಿನ ಬುಟ್ಟಿಗೆ, ಅಂದರೆ ಕಲ್ಲನ್ನು ಹೊತ್ತ ಲೋಹದ ಚೌಕಟ್ಟಿಗೆ ತಾಗಿ ಅಲ್ಲೇ ನಿಲ್ಲುತ್ತದೆ. ಹಿಂದೆ ಸಂದಿ ಉಳಿಯುತ್ತದೆ.

ಅಂದರೆ ಕಲ್ಲು ಎಷ್ಟು ದೊಡ್ಡದು ಅನ್ನುವುದಕ್ಕಿಂತ ಎಷ್ಟು ಎತ್ತರದಲ್ಲಿ ಕೂತಿದೆ ಅನ್ನುವುದು ಇಲ್ಲಿ ಮುಖ್ಯ. ಇದು ಮೇಲಿಂದ ನೋಡಿದರೆ ಗೊತ್ತೇ ಆಗಲ್ಲ. ಕೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಪಕ್ಕದಿಂದ ನೋಡಬೇಕು. ಮನೆಯಲ್ಲೇ ಪರೀಕ್ಷೆ ಮಾಡಬಹುದು. ಒಂದು ಎಟಿಎಂ ಕಾರ್ಡಿನ ದಪ್ಪ ಮುಕ್ಕಾಲು ಮಿ.ಮೀ. ಮೂರು ಕಾರ್ಡ್ ಒಟ್ಟಿಗೆ ಹಿಡಿದರೆ ಎರಡೂಕಾಲು ಮಿ.ಮೀ. ಆಗುತ್ತದೆ. ಸಾಧಾರಣ ವಜ್ರದ ಪಟ್ಟಿಯ ದಪ್ಪ ಇದಕ್ಕಿಂತ ಸ್ವಲ್ಪ ಕಡಿಮೆಯೇ. ಉಂಗುರ ಹಾಕಿಕೊಂಡು, ಕಾರ್ಡುಗಳ ಮೂಲೆಯನ್ನು ಬೆರಳಿನ ಮೇಲೆ ಮಲಗಿಸಿ ಕಲ್ಲಿನ ಕೆಳಗೆ ತಳ್ಳಿ. ಪಟ್ಟಿಯವರೆಗೂ ಹೋಗಿ ಮುಟ್ಟಿದರೆ ನೇರವಾದ ಉಂಗುರ ಕೂರುತ್ತದೆ. ಅರ್ಧಕ್ಕೇ ನಿಂತರೆ ಕೂರುವುದಿಲ್ಲ. ಇಷ್ಟು ಮಾಡಿಕೊಂಡು ಅಂಗಡಿಗೆ ಹೋದರೆ ಅರ್ಧ ಟ್ರೇ ತೆಗೆಸುವ ಕೆಲಸ ಉಳಿಯುತ್ತದೆ.

ನಮ್ಮೂರುಗಳಲ್ಲಿ ನಿಶ್ಚಯದ ಉಂಗುರ ಬಹಳ ಸಲ ಒಂಟಿ ಕಲ್ಲಿನದ್ದಾಗಿ ಇರಲ್ಲ ಅನ್ನುವುದೂ ನಿಜ. ಏಳೋ ಒಂಬತ್ತೋ ಸಣ್ಣ ಕಲ್ಲುಗಳನ್ನು ಒತ್ತೊತ್ತಾಗಿ ಸೇರಿಸಿ, ದೂರದಿಂದ ಒಂದೇ ದೊಡ್ಡ ವಜ್ರದಂತೆ ಕಾಣುವ ಹೂವಿನ ಉಂಗುರ ಇರುತ್ತದೆ. ಕಡಿಮೆ ಖರ್ಚಿನಲ್ಲಿ ಜಾಸ್ತಿ ಹೊಳಪು, ಅದಕ್ಕೇ ಅದು ನಡೆಯುತ್ತದೆ. ಆದರೆ ಅಂಥ ಉಂಗುರದ ತಲೆ ಅಗಲ, ಕೂತಿರುವುದು ಬೆರಳಿಗೆ ತಾಗುವಷ್ಟು ತಗ್ಗಿನಲ್ಲಿ. ಅದರ ಪಕ್ಕಕ್ಕೆ ನೇರ ಪಟ್ಟಿ ಯಾವತ್ತೂ ಅಂಟಿ ಕೂರುವುದಿಲ್ಲ. ನಡುವಿನ ಕಲ್ಲಿನ ಸುತ್ತ ಸಣ್ಣ ವಜ್ರಗಳ ಬಳೆ ಇರುವ ಹೇಲೊ ಉಂಗುರದ್ದೂ ಹೆಚ್ಚಾಗಿ ಇದೇ ಕಥೆ.

ಆಗ ದಾರಿಗಳು ಇವೆ. ಹೊಸ ಉಂಗುರವನ್ನು ಮೊದಲನೆಯದರ ತಲೆಯ ಸುತ್ತ ಬಾಗುವಂತೆ ಮಾಡಿಸಬಹುದು. ಹನಿ ಆಕಾರದ ಅಥವಾ ಎರಡೂ ತುದಿ ಚೂಪಾದ ಕಲ್ಲಿದ್ದರೆ, ತುದಿಗೆ ಸರಿಯಾಗಿ ಇಳಿಜಾರು ಬರುವ ವಿ ಆಕಾರದ ಪಟ್ಟಿ ಚೆನ್ನಾಗಿ ಹೊಂದುತ್ತದೆ. ನಡುವೆ ಬಾಯಿ ಬಿಟ್ಟಿರುವ ಉಂಗುರವೂ ಸಿಗುತ್ತದೆ, ಆ ಬಾಯಿಯೊಳಗೆ ಮೊದಲ ಉಂಗುರದ ತಲೆ ಕೂರುತ್ತದೆ. ಬಾಗಿದ ಪಟ್ಟಿಯ ಬಗ್ಗೆ ಒಂದು ಮಾತು. ಜೋಡಿಯಾಗಿ ಹಾಕಿದಾಗ ಅದರಷ್ಟು ಅಂದ ಇನ್ನೊಂದಿಲ್ಲ, ಒಂಟಿಯಾಗಿ ಹಾಕಿದಾಗ ಸೊಟ್ಟ ಉಂಗುರದ ಥರ ಕಾಣುತ್ತದೆ. ದಿನವೂ ಎರಡನ್ನೂ ಹಾಕಿಕೊಳ್ಳುತ್ತೀರಾ, ಇಲ್ಲ ಮನೆಯಲ್ಲಿದ್ದಾಗ ಒಂದೇ ಸಾಕಾ? ಇದನ್ನು ಮೊದಲು ಯೋಚಿಸಿ. ನನ್ನನ್ನು ಕೇಳಿದರೆ, ಒಂದು ಮಿ.ಮೀ. ಸಂದಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಸಂದಿ ಸುತ್ತಲೂ ಒಂದೇ ಸಮ ಇದ್ದರೆ ಬೇಕೂಂತ ಬಿಟ್ಟಿದ್ದು ಅನ್ನಿಸುತ್ತದೆ. ಒಂದು ಕಡೆ ಅಂಟಿ ಇನ್ನೊಂದು ಕಡೆ ಬಿಟ್ಟುಕೊಂಡರೆ ಮಾತ್ರ ಕಣ್ಣಿಗೆ ಚುಚ್ಚುತ್ತದೆ. ಮತ್ತೆ, ಎರಡನ್ನೂ ಒಂದೇ ಬೆರಳಿಗೆ ಹಾಕಲೇಬೇಕು ಅಂತ ಯಾವ ಶಾಸ್ತ್ರದಲ್ಲೂ ಇಲ್ಲ, ಅಲ್ವಾ?

ಉಜ್ಜಾಟ

ಅಂಟಿ ಕೂತ ಮೇಲೆ ಎರಡನೇ ಸಮಸ್ಯೆ ಶುರುವಾಗುತ್ತದೆ. ಇದನ್ನು ಅಂಗಡಿಯಲ್ಲಿ ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಇದು ಕಾಣಿಸಿಕೊಳ್ಳುವುದು ನಾಲ್ಕಾರು ವರ್ಷದ ನಂತರ.

ಗಟ್ಟಿತನ ಅಳೆಯುವ ಮೋಸ್ ಪಟ್ಟಿಯಲ್ಲಿ ವಜ್ರಕ್ಕೆ 10. ಮಾಣಿಕ್ಯ, ನೀಲಕ್ಕೆ 9. ಪಚ್ಚೆಗೆ ಏಳೂವರೆಯಿಂದ 8. ಶುದ್ಧ ಚಿನ್ನ ಎರಡೂವರೆಯಿಂದ ಮೂರರ ಒಳಗೆ, ಪ್ಲಾಟಿನಂ ನಾಲ್ಕರ ಆಸುಪಾಸು. ಗಟ್ಟಿಯಾದದ್ದು ಮೆತ್ತಗಿನದ್ದನ್ನು ಗೀರುತ್ತದೆ. ಹೊಸ ಉಂಗುರದ ವಜ್ರಗಳ ಅಂಚು ಪಕ್ಕಕ್ಕೆ ತೆರೆದುಕೊಂಡಿದ್ದರೆ, ಅದು ಮೊದಲ ಉಂಗುರದ ಚಿನ್ನದ ಮೇಲೆ ಅರದ ಥರ ಕೆಲಸ ಮಾಡುತ್ತದೆ. ಸ್ಕೂಟರ್ ಹ್ಯಾಂಡಲ್ ಹಿಡಿದಾಗ, ಬಟ್ಟೆ ಹಿಂಡಿದಾಗ, ಸುಮ್ನೆ ಕೈ ಬೀಸಿ ನಡೆದಾಗಲೂ ಎರಡು ಉಂಗುರ ಒಂದರ ಮೇಲೊಂದು ಕೂದಲೆಳೆಯಷ್ಟು ಅಲ್ಲಾಡುತ್ತವೆ. ಹೀಗೆ ವರ್ಷಗಟ್ಟಲೆ ಉಜ್ಜಿದರೆ ಪಟ್ಟಿಯ ಬದಿಯಲ್ಲಿ ಕಚ್ಚು ಬೀಳುತ್ತದೆ. ಪಟ್ಟಿಗೆ ಬಿದ್ದರೆ ಪರವಾಗಿಲ್ಲ, ಪತ್ತಾರರು ತುಂಬಿ ಕೊಡುತ್ತಾರೆ. ಪ್ರಾಂಗ್‌ಗೆ, ಅಂದರೆ ಕಲ್ಲನ್ನು ಹಿಡಿದಿರುವ ಸಣ್ಣ ಕಡ್ಡಿಗೆ ಬಿದ್ದರೆ ಕಲ್ಲೇ ಉದುರಿ ಹೋಗಬಹುದು.

ವಜ್ರಕ್ಕೆ ವಜ್ರ ತಾಗಿದರೂ ಒಳ್ಳೆಯದಲ್ಲ. ಬೇರೆ ಯಾವ ಕಲ್ಲಿನ ಗೀರಿಗೂ ವಜ್ರ ಜಗ್ಗುವುದಿಲ್ಲ ನಿಜ, ಆದರೆ ಅದಕ್ಕೆ ನಾಲ್ಕು ದಿಕ್ಕುಗಳಲ್ಲಿ ಸೀಳುವ ಗುಣ ಇದೆ. ಅಂಚಿಗೆ ಸರಿಯಾದ ಕೋನದಲ್ಲಿ ಪೆಟ್ಟು ಬಿದ್ದರೆ ಚಕ್ಕೆ ಏಳುತ್ತದೆ. ನಿಶ್ಚಯದ ಉಂಗುರದಲ್ಲಿ ಪಚ್ಚೆ, ಮುತ್ತು ಅಥವಾ ಹವಳ ಇದ್ದರೆ ಅದರ ಪಕ್ಕಕ್ಕೆ ವಜ್ರದ ಸಾಲು ತರಲೇಬೇಡಿ. ಮುತ್ತು, ಹವಳ ಎರಡೂ ಬಹಳ ಮೆತ್ತಗೆ. ಆ ಜೋಡಿಗೆ ಸಾದಾ ಚಿನ್ನದ ಉಂಗುರವೇ ವಾಸಿ.

ಇದಕ್ಕೆ ಪರಿಹಾರ ಕಲ್ಲು ಕೂರಿಸುವ ವಿಧಾನದಲ್ಲಿದೆ. ಎರಡು ಚಿನ್ನದ ಗೋಡೆಗಳ ನಡುವೆ ಕಲ್ಲುಗಳನ್ನು ಸಾಲಾಗಿ ಇಳಿಸುವುದು ಚಾನೆಲ್ ಸೆಟ್ಟಿಂಗ್. ಇದರಲ್ಲಿ ಕಲ್ಲಿನ ಅಂಚು ಹೊರಗೆ ಬರುವುದೇ ಇಲ್ಲ. ಪಕ್ಕದ ಉಂಗುರಕ್ಕೆ ತಾಗುವುದು ಚಿನ್ನ ಮಾತ್ರ. ಪ್ರತಿ ಕಲ್ಲಿನ ಸುತ್ತ ಚಿನ್ನದ ಅಂಚು ಕಟ್ಟುವ ಬೆಝೆಲ್ ಕೂಡ ಹಾಗೆಯೇ. ಎರಡು ಕಲ್ಲುಗಳು ಒಂದೇ ಕಡ್ಡಿಯನ್ನು ಹಂಚಿಕೊಂಡು ನಿಲ್ಲುವ ಉಂಗುರದಲ್ಲಿ ಹೊಳಪು ಜಾಸ್ತಿ, ಯಾಕೆಂದರೆ ನಾಲ್ಕೂ ಕಡೆಯಿಂದ ಬೆಳಕು ಹೋಗುತ್ತದೆ. ಆದರೆ ಉಜ್ಜುವುದೂ ಅದೇ ಜಾಸ್ತಿ. ಪಟ್ಟಿಯ ಮೇಲ್ಮೈಯಲ್ಲೇ ಮಣಿಯಂಥ ಚಿನ್ನದಿಂದ ಸಣ್ಣ ಕಲ್ಲುಗಳನ್ನು ಹಿಡಿಸುವ ಪಾವೆ ಕೆಲಸ ನೋಡಲು ಬಲು ಚೆಂದ. ಅದರಲ್ಲಿ ಎರಡೂ ಅಂಚಿಗೆ ತೆಳುವಾದ ಚಿನ್ನದ ಗೆರೆ ಬಿಟ್ಟಿದ್ದಾರಾ ಅಂತ ನೋಡಿ. ಆ ಗೆರೆಯೇ ಕಾವಲು.

ಈಗಾಗಲೇ ಉಜ್ಜುವ ಜೋಡಿ ಇದ್ದರೆ ನಡುವೆ ಒಂದು ತೆಳು ಸಾದಾ ಉಂಗುರ ಹಾಕಿಕೊಳ್ಳಬಹುದು. ಸವೆದರೆ ಅದು ಸವೆಯಲಿ. ಎರಡನ್ನೂ ಹಿಂಬದಿಯಲ್ಲಿ ಬೆಸುಗೆ ಹಾಕಿ ಒಂದೇ ಮಾಡುವುದು ಇನ್ನೊಂದು ದಾರಿ. ಉಜ್ಜಾಟ ಪೂರ್ತಿ ನಿಲ್ಲುತ್ತದೆ. ಆದರೆ ನಿಶ್ಚಯದ ಉಂಗುರವನ್ನು ಬೇರೆ ಹಾಕಿಕೊಳ್ಳುವ ಸ್ವಾತಂತ್ರ್ಯವೂ ಹೋಗುತ್ತದೆ.

916ರ ಪಕ್ಕಕ್ಕೆ 750

ನಮ್ಮ ಕಡೆಯ ಜೋಡಿಗಳಲ್ಲಿ ಅತಿ ಹೆಚ್ಚು ಕಾಣುವ ಎಡವಟ್ಟು ಬಣ್ಣದ್ದು. ನಿಶ್ಚಯದ ಉಂಗುರ ಮನೆಯ ಖಾಯಂ ಸರಾಫರ ಹತ್ತಿರ ಮಾಡಿಸಿದ 22 ಕ್ಯಾರೆಟ್ಟಿನದ್ದು. ಹೊಸ ವಜ್ರದುಂಗುರ 18 ಕ್ಯಾರೆಟ್ಟಿನದ್ದು. ವಜ್ರದಲ್ಲಿ ಕ್ಯಾರೆಟ್ ತೂಕವಾದರೆ ಚಿನ್ನದಲ್ಲಿ ಅದು ಶುದ್ಧತೆ. 22 ಕ್ಯಾರೆಟ್ ಅಂದರೆ ಶೇ 91.6 ಚಿನ್ನ, ಒಡವೆಯ ಮೇಲಿನ 916 ಅದೇ. 18 ಅಂದರೆ ಶೇ 75, ಗುರುತು 750. ಉಳಿದ ಪಾಲು ತಾಮ್ರ, ಬೆಳ್ಳಿಯಂಥ ಲೋಹ. ಮಿಶ್ರಣ ಜಾಸ್ತಿ ಆದಷ್ಟೂ ಗಟ್ಟಿ, ಹಳದಿ ಕಡಿಮೆ. ಸಣ್ಣ ಕಡ್ಡಿಗಳು ಕಲ್ಲನ್ನು ಬಿಗಿಯಾಗಿ ಹಿಡಿಯಬೇಕಾದ್ದರಿಂದ ವಜ್ರಕ್ಕೆ 18 ಕ್ಯಾರೆಟ್ ಬಳಸುತ್ತಾರೆ. ಇದರಲ್ಲಿ ಮೋಸ ಏನೂ ಇಲ್ಲ. 14 ಕ್ಯಾರೆಟ್ ಇನ್ನೂ ಗಟ್ಟಿ. "18 ಅಂದ್ರ ಬಂಗಾರನ ಅಲ್ಲ ಬಿಡು" ಅನ್ನುವ ಹಿರಿಯರ ಮಾತನ್ನು ಈ ಒಂದು ಒಡವೆಯ ಮಟ್ಟಿಗೆ ಪಕ್ಕಕ್ಕಿಡಬಹುದು.

ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟಾಗ 22ರ ಗಾಢ ಹಳದಿಯ ಮುಂದೆ 18ರ ಹಳದಿ ಮಂಕಾಗಿ ಕಾಣುತ್ತದೆ. ಒಂದೇ ಬಣ್ಣ ಮಾಡಲು ಹೋಗಿ ತಪ್ಪಿದ ಹಾಗೆ. ಹತ್ತಿರದ ಎರಡು ಬಣ್ಣಗಳಿಗಿಂತ ದೂರದ ಎರಡು ಬಣ್ಣ ಚೆನ್ನಾಗಿ ಹೊಂದುತ್ತವೆ ಅನ್ನುವುದು ನನ್ನ ಅಭಿಪ್ರಾಯ. ಮೊದಲನೆಯದು 22ರ ಹಳದಿ ಆದರೆ ಎರಡನೆಯದು ಬಿಳಿ ಚಿನ್ನ, ಪ್ಲಾಟಿನಂ ಅಥವಾ ತಾಮ್ರ ಜಾಸ್ತಿ ಇರುವ ಗುಲಾಬಿ ಚಿನ್ನ ಆಗಲಿ. ಎರಡೂ ಬೇರೆ ಅನ್ನುವುದು ದೂರದಿಂದಲೇ ಗೊತ್ತಾಗಲಿ. ಮೊದಲನೆಯದೇ 18ರದ್ದಾಗಿದ್ದರೆ ಈ ತಲೆನೋವು ಇಲ್ಲ.

ಬಿಳಿ ಚಿನ್ನದ ಬಿಳುಪು ಪೂರ್ತಿ ಅದರದ್ದೇ ಅಲ್ಲ. ಚಿನ್ನಕ್ಕೆ ಪಲ್ಲೇಡಿಯಂ ಅಥವಾ ನಿಕಲ್ ಬೆರೆಸಿ, ಮೇಲೆ ರೋಡಿಯಂ ಲೇಪ ಕೊಡುತ್ತಾರೆ. ದಿನವೂ ಹಾಕಿಕೊಂಡರೆ ಲೇಪ ಸವೆದು ಒಳಗಿನ ತೆಳು ಹಳದಿ ಕಾಣತೊಡಗುತ್ತದೆ. ಆಗ ಮತ್ತೆ ಲೇಪ ಕೊಡಿಸಬೇಕು. ಇನ್ನೊಂದು ಉಂಗುರದ ಜೊತೆ ಉಜ್ಜುವ ಬದಿಯಲ್ಲಿ ಇದು ಬೇಗ ಆಗುತ್ತದೆ. ಪ್ಲಾಟಿನಂ ಸಾಮಾನ್ಯವಾಗಿ ಶೇ 95 ಶುದ್ಧ, ಬಿಳುಪು ಅದರ ಸ್ವಂತದ್ದು, ಹೋಗುವುದಿಲ್ಲ. ಆದರೆ ಎಲ್ಲ ಪತ್ತಾರರ ಹತ್ತಿರವೂ ಅದನ್ನು ಕರಗಿಸುವ, ಬೆಸೆಯುವ ಸಲಕರಣೆ ಇರಲ್ಲ. ಚಿನ್ನ ಕರಗುವುದು 1,064 ಡಿಗ್ರಿಗೆ, ಪ್ಲಾಟಿನಂ 1,768 ಡಿಗ್ರಿಗೆ. ಹಾವೇರಿಯಲ್ಲೋ ಗದಗಿನಲ್ಲೋ ಇರುವವರು ಪ್ಲಾಟಿನಂ ತಗೊಳ್ಳುವ ಮುಂಚೆ, ನಾಳೆ ಸೈಜ್ ಬದಲಿಸಲು ಎಲ್ಲಿಗೆ ಕಳಿಸುತ್ತೀರಿ ಅಂತ ಅಂಗಡಿಯವರನ್ನು ಕೇಳಿಕೊಳ್ಳಿ.

ಕಲ್ಲುಗಳು

ಜೋಡಿ ಉಂಗುರದಲ್ಲಿ ಕಲ್ಲು ಸಣ್ಣದಿರಬೇಕು. ನಡುವಿನ ಕಲ್ಲಿನ ಅಗಲದ ಅರ್ಧ ದಾಟಿದರೆ ಪಕ್ಕದ ಸಾಲು ಪೈಪೋಟಿಗೆ ನಿಲ್ಲುತ್ತದೆ. 50 ಸೆಂಟಿನ ಕಲ್ಲಿನ ಪಕ್ಕಕ್ಕೆ 2 ಮಿ.ಮೀ. ಕಲ್ಲುಗಳು ಹದವಾಗಿ ಕಾಣುತ್ತವೆ. ಅಂಥ ಒಂದು ಕಲ್ಲು ಸುಮಾರು 3 ಸೆಂಟ್. ಬೆರಳಿನ ಮೇಲ್ಭಾಗಕ್ಕೆ ಮಾತ್ರ ಕಲ್ಲು ಬರುವ ಹಾಫ್ ಇಟರ್ನಿಟಿಗೆ 13ರ ಆಸುಪಾಸು ಕಲ್ಲು ಬೇಕಾಗುತ್ತವೆ. ಅಂದರೆ ಒಟ್ಟು 40 ಸೆಂಟಿನ ಹತ್ತಿರ. ಸುತ್ತಲೂ ಕಲ್ಲಿರುವ ಫುಲ್ ಇಟರ್ನಿಟಿಗೆ ಇದರ ಎರಡು ಪಟ್ಟು. ಫುಲ್ ಇಟರ್ನಿಟಿ ನನಗೆ ಅಷ್ಟಾಗಿ ಇಷ್ಟವಿಲ್ಲ. ಅದರ ಅರ್ಧ ಕಲ್ಲುಗಳು ಅಂಗೈ ಕಡೆಗೆ ಇರುತ್ತವೆ. ಯಾರಿಗೂ ಕಾಣಲ್ಲ, ಹಿಡಿದದ್ದಕ್ಕೆಲ್ಲ ತಾಗುತ್ತವೆ, ಬೆರಳು ದಪ್ಪ ಆದರೆ ಸೈಜ್ ಹೆಚ್ಚಿಸಲು ಆಗುವುದೇ ಇಲ್ಲ ಅನ್ನಬಹುದು. ಹಾಫ್ ಆದರೆ ಹಿಂಬದಿಯ ಸಾದಾ ಚಿನ್ನವನ್ನು ಕತ್ತರಿಸಿ ಸೇರಿಸಬಹುದು.

"ಒಟ್ಟು 40 ಸೆಂಟ್" ಅನ್ನುವಲ್ಲಿ ಎಚ್ಚರ ಇರಲಿ. 3 ಸೆಂಟಿನ 13 ಕಲ್ಲು ಮತ್ತು 40 ಸೆಂಟಿನ ಒಂದೇ ಕಲ್ಲು, ಎರಡರ ತೂಕ ಹೆಚ್ಚುಕಡಿಮೆ ಒಂದೇ ಆದರೂ ಬೆಲೆ ಒಂದೇ ಅಲ್ಲ. ಕಲ್ಲು ದೊಡ್ಡದಾದಷ್ಟೂ ಪ್ರತಿ ಕ್ಯಾರೆಟ್ಟಿನ ದರವೇ ಏರುತ್ತದೆ. ಸಣ್ಣ ಕಲ್ಲಿನ ಸಾಲು ಎಷ್ಟೋ ಅಗ್ಗ. ಅದು ಒಳ್ಳೆಯ ಸುದ್ದಿಯೇ. ಆದರೆ ಒಂಟಿ ಕಲ್ಲಿನ ದರ ಮನಸ್ಸಿನಲ್ಲಿ ಇಟ್ಟುಕೊಂಡು ಹೋದರೆ ಲೆಕ್ಕ ತಪ್ಪುತ್ತದೆ.

ಗ್ರೇಡ್ ವಿಷಯ ಬೇಗ ಮುಗಿಸೋಣ. ಅಮೆರಿಕದ ಜಿಐಎ ಸಂಸ್ಥೆ ತಂದ ಪದ್ಧತಿಯಲ್ಲಿ ಬಣ್ಣಕ್ಕೆ ಡಿ ಇಂದ ಝೆಡ್ ತನಕ ಅಕ್ಷರ. ಡಿ ಅಂದರೆ ಬಣ್ಣವೇ ಇಲ್ಲದ್ದು. ಒಳಗಿನ ಕಲೆ, ಗೆರೆಗಳಿಗೆ ವಿವಿಎಸ್, ವಿಎಸ್, ಎಸ್‌ಐ ಅನ್ನುವ ಮೆಟ್ಟಿಲು; ವಿವಿಎಸ್‌ನಲ್ಲಿ ಕಲೆ ತೀರಾ ಕಡಿಮೆ, ಕೆಳಗಿಳಿದಂತೆ ಜಾಸ್ತಿ. ಅಂಗಡಿಗಳಲ್ಲಿ ಇವೆರಡನ್ನೂ ಸೇರಿಸಿ "ಇಎಫ್ ವಿವಿಎಸ್", "ಜಿಎಚ್ ವಿಎಸ್" ಅಂತ ಹೇಳುತ್ತಾರೆ. ಈ ಕಲೆಗಳನ್ನು ಅಳೆಯುವುದು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ. 2 ಮಿ.ಮೀ. ಕಲ್ಲಿನಲ್ಲಿ ವಿವಿಎಸ್‌ಗೂ ವಿಎಸ್‌ಗೂ ವ್ಯತ್ಯಾಸ ಬರಿಗಣ್ಣಿಗೆ ಕಾಣುವ ಮಾತೇ ಇಲ್ಲ. ಜೋಡಿ ಉಂಗುರಕ್ಕೆ ವಿವಿಎಸ್ ದುಡ್ಡು ಕೊಡಬೇಡಿ. ಬಣ್ಣ ಮಾತ್ರ ನೋಡಿ. ಎರಡೂ ಉಂಗುರ ಪಕ್ಕಪಕ್ಕ ಇರುವುದರಿಂದ, ಬಿಳಿ ಲೋಹದಲ್ಲಿ ಒಂದು ಸಾಲು ಹಳದಿ ಛಾಯೆ ಹೊಡೆದರೆ ತಕ್ಷಣ ಗೊತ್ತಾಗುತ್ತದೆ. ಮೊದಲ ಉಂಗುರದ ಗ್ರೇಡಿಗೆ ಒಂದೆರಡು ಮೆಟ್ಟಿಲು ಆಚೀಚೆ ಇದ್ದರೆ ಸಾಕು. ಹಳದಿ ಚಿನ್ನದಲ್ಲಿ ಇನ್ನೂ ಸಡಿಲ ಬಿಡಬಹುದು, ಲೋಹವೇ ಆ ಛಾಯೆಯನ್ನು ನುಂಗುತ್ತದೆ.

ಕಟ್ ಬಗ್ಗೆ ಒಂದು ಪ್ರಶ್ನೆ ಕೇಳಿ: ಫುಲ್ ಕಟ್ಟೋ ಸಿಂಗಲ್ ಕಟ್ಟೋ? ಪೂರ್ತಿ ಕತ್ತರಿಸಿದ ದುಂಡು ವಜ್ರಕ್ಕೆ 57 ಅಥವಾ 58 ಮುಖಗಳು. ಸಿಂಗಲ್ ಕಟ್‌ಗೆ 17 ಅಥವಾ 18. ತೀರಾ ಸಣ್ಣ ಕಲ್ಲುಗಳಲ್ಲಿ ಸಿಂಗಲ್ ಕಟ್ ನಡೆಯುತ್ತದೆ, ಮಿನುಗುವ ರೀತಿ ಬೇರೆ. ನಡುವಿನ ಕಲ್ಲು ಫುಲ್ ಕಟ್ ಇದ್ದು ಪಕ್ಕದ್ದು ಸಿಂಗಲ್ ಕಟ್ ಆದರೆ ಜೋಡಿಯಲ್ಲಿ ಒಂದು ಮಂಕು ಅನ್ನಿಸುತ್ತದೆ. ಮತ್ತೆ ನೋಡುವುದು ಅಂಗಡಿಯ ದೀಪದ ಕೆಳಗೆ ಬೇಡ. ಆ ದೀಪಗಳ ಕೆಳಗೆ ಗಾಜೂ ಹೊಳೆಯುತ್ತದೆ. ಕೊಪ್ಪಿಕರ ರಸ್ತೆಯ ಶೋರೂಂ ಆಗಲಿ, ದುರ್ಗದ ಬೈಲಿನ ಆಸುಪಾಸಿನ ಹಳೇ ಅಂಗಡಿ ಆಗಲಿ, ಎರಡೂ ಉಂಗುರ ಹಾಕಿಕೊಂಡು ಬಾಗಿಲ ಬಳಿ ಹಗಲು ಬೆಳಕಿಗೆ ಬನ್ನಿ. ಯಾರೂ ಬೇಡ ಅನ್ನಲ್ಲ.

ಲ್ಯಾಬ್ ವಜ್ರದ, ಅಂದರೆ ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರದ ಪ್ರಶ್ನೆಯೂ ಈಗ ಬಂದೇ ಬರುತ್ತದೆ. ಅದೂ ಇಂಗಾಲವೇ, ಅಷ್ಟೇ ಗಟ್ಟಿ, ಅಷ್ಟೇ ಹೊಳಪು. ಕಣ್ಣಿಗೆ ಬೇರೆ ಕಾಣುವುದಿಲ್ಲ, ಯಂತ್ರ ಬೇಕು. ಬೆಲೆ ನೈಸರ್ಗಿಕ ವಜ್ರಕ್ಕಿಂತ ಬಹಳ ಕಡಿಮೆ, ಮರಳಿ ಮಾರಿದರೆ ಬರುವುದೂ ಬಹಳ ಕಡಿಮೆ. ಜಿಐಎ 2025ರಲ್ಲಿ ಲ್ಯಾಬ್ ವಜ್ರಗಳಿಗೆ ಹಳೇ ಅಕ್ಷರದ ಗ್ರೇಡ್ ಬಿಟ್ಟು, ಪ್ರೀಮಿಯಂ ಮತ್ತು ಸ್ಟ್ಯಾಂಡರ್ಡ್ ಅನ್ನುವ ಎರಡೇ ದರ್ಜೆಗೆ ಹೋಗುವುದಾಗಿ ಹೇಳಿತು. ಮೊದಲ ಉಂಗುರ ನೈಸರ್ಗಿಕ, ಎರಡನೆಯದು ಲ್ಯಾಬ್ ಆದರೆ ನೋಡಲು ಏನೂ ತೊಂದರೆ ಇಲ್ಲ. ಸಣ್ಣ ಕಲ್ಲುಗಳಲ್ಲಿ ನೈಸರ್ಗಿಕವೂ ತೀರಾ ದುಬಾರಿ ಅಲ್ಲವಾದ್ದರಿಂದ ಉಳಿತಾಯ ದೊಡ್ಡ ಕಲ್ಲಿನಲ್ಲಿ ಆಗುವಷ್ಟು ಆಗುವುದಿಲ್ಲ. ಸಣ್ಣ ಕಲ್ಲಿನ ಪೊಟ್ಟಣಗಳಲ್ಲಿ ಎರಡೂ ಬೆರೆತು ಬರುವುದು ಈ ವ್ಯಾಪಾರದ ಹಳೇ ತಲೆನೋವು. ಯಾವುದನ್ನು ಕೊಂಡರೂ ನೈಸರ್ಗಿಕವೋ ಲ್ಯಾಬೋ ಅನ್ನುವುದು ಬಿಲ್ಲಿನಲ್ಲಿ ಬರೆದಿರಲಿ.

ವಜ್ರ ಶುಕ್ರನ ರತ್ನ, ಎಲ್ಲರಿಗೂ ಆಗಿಬರಲ್ಲ ಅನ್ನುವವರು ಮನೆಯಲ್ಲಿದ್ದರೆ ಅವರನ್ನು ಆರ್ಡರ್ ಕೊಡುವ ಮುಂಚೆಯೇ ಕೇಳಿಬಿಡಿ. ಕೊಂಡ ಮೇಲೆ ಕೇಳಿದರೆ ಉಂಗುರ ತಿಜೋರಿಗೆ.

ಅಜ್ಜಿಯ ಏಳು ಕಲ್ಲಿನ ಓಲೆ

ಹಳೇ ಮನೆಗಳಲ್ಲಿ ಏಳು ಕಲ್ಲಿನ ವಜ್ರದ ಓಲೆಯೋ ಮೂಗುತಿಯೋ ಹಾಕಿಕೊಳ್ಳುವವರಿಲ್ಲದೆ ಬ್ಯಾಂಕಿನ ಲಾಕರಿನಲ್ಲಿ ಬಿದ್ದಿರುತ್ತದೆ. ಜೋಡಿ ಉಂಗುರಕ್ಕೆ ಅದಕ್ಕಿಂತ ಒಳ್ಳೆಯ ಕಲ್ಲಿನ ಮೂಲ ಇನ್ನೊಂದಿಲ್ಲ. ಎರಡು ಓಲೆ ಸೇರಿದರೆ 14 ಕಲ್ಲು, ಹಾಫ್ ಇಟರ್ನಿಟಿಗೆ ಬೇಕಾದಷ್ಟೇ. ಆದರೆ ಹಳೇ ಕಲ್ಲುಗಳಿಗೆ ಅವುಗಳದ್ದೇ ಸ್ವಭಾವ ಇದೆ.

ಹಿಂದಿನ ಕೆಲಸದಲ್ಲಿ ಕಲ್ಲಿನ ಹಿಂಬದಿ ಮುಚ್ಚಿರುತ್ತಿತ್ತು. ಕೆಲವೊಮ್ಮೆ ಒಳಗೆ ಹೊಳೆಯುವ ತಗಡು ಇಡುತ್ತಿದ್ದರು. ಅಂಥ ಕಲ್ಲನ್ನು ಹೊರತೆಗೆದು ಹಿಂಬದಿ ತೆರೆದ ಉಂಗುರದಲ್ಲಿ ಕೂರಿಸಿದಾಗ ಅದರ ನಿಜವಾದ ಬಣ್ಣ ಕಾಣುತ್ತದೆ. ಅದು ಮೊದಲಿನಂತೆ ಬಿಳಿಯಾಗಿ ಇರದೇ ಹೋಗಬಹುದು. ಕಲ್ಲುಗಳ ಅಳತೆ ಒಂದೇ ಸಮ ಇರಲ್ಲ. ಕೈಯಲ್ಲಿ ಕತ್ತರಿಸಿದ ಕಾಲದವು, ಒಂದರ ಅಗಲ 2.3 ಆದರೆ ಇನ್ನೊಂದು 2.6 ಮಿ.ಮೀ. ಇರಬಹುದು. ಒಳ್ಳೆಯ ಕೆಲಸಗಾರರು ದೊಡ್ಡದನ್ನು ನಡುವೆ ಇಟ್ಟು ತುದಿಗೆ ಹೋದಂತೆ ಸಣ್ಣದಾಗಿಸುತ್ತಾರೆ. ಆಗ ಅದೇ ಒಂದು ವಿನ್ಯಾಸ ಆಗುತ್ತದೆ. ಇಂಥ ಕಲ್ಲುಗಳಿಗೆ ಚಾನೆಲ್ ಹೊಂದಲ್ಲ, ಒಂದೊಂದಕ್ಕೂ ಬೇರೆ ಬೆಝೆಲ್ ಕಟ್ಟಿಸಿ. ಹಳೇ ಕಲ್ಲಿನ ತೆಳು ಅಂಚಿಗೂ ಅದು ರಕ್ಷಣೆ. ಹಳೇ ವಜ್ರದ ಬೆಳಕು ಹೊಸದರ ಥರ ಚೂರುಚೂರಾಗಿ ಮಿನುಗುವುದಿಲ್ಲ, ದೊಡ್ಡ ದೊಡ್ಡ ತುಣುಕಾಗಿ ಹೊಮ್ಮುತ್ತದೆ. ಸಂಜೆಯ ದೀಪದಲ್ಲಿ ನೋಡಿದರೆ ನನಗಂತೂ ಅದೇ ಹೆಚ್ಚು ಇಷ್ಟ.

ಓಲೆ ಕೊಡುವ ಮುಂಚೆ ಪ್ರತಿ ಕಲ್ಲನ್ನೂ ಹತ್ತಿರದಿಂದ ಫೋಟೊ ತೆಗೆದುಕೊಳ್ಳಿ. ಬಿಚ್ಚುವುದನ್ನು ನಿಮ್ಮ ಮುಂದೆಯೇ ಮಾಡಲು ಹೇಳಿ. ಬಿಚ್ಚಿದ ಕಲ್ಲುಗಳ ಒಟ್ಟು ತೂಕವನ್ನು ಸೆಂಟ್ ಲೆಕ್ಕದಲ್ಲಿ ಚೀಟಿಯಲ್ಲಿ ಬರೆಸಿಕೊಳ್ಳಿ, ಕೂರಿಸುವಾಗ ಚಕ್ಕೆ ಎದ್ದರೆ ಹೊಣೆ ಯಾರದ್ದು ಅನ್ನುವುದನ್ನೂ. ಇದರಲ್ಲಿ ಯಾರ ಮೇಲೂ ಅನುಮಾನ ಇಲ್ಲ. ಒಳ್ಳೆಯ ಪತ್ತಾರರು ತಾವೇ ಬರೆದು ಕೊಡುತ್ತಾರೆ.

ಅಳತೆ

ನಮ್ಮ ಅಂಗಡಿಗಳ 12ನೇ ಸೈಜ್ ಅಂದರೆ ಒಳಸುತ್ತು ಸುಮಾರು 52 ಮಿ.ಮೀ. ಒಂದು ಸೈಜ್ ಏರಿದರೆ ಒಂದು ಮಿ.ಮೀ. ಹೆಚ್ಚು. ಮೊದಲನೆಯದು 12 ಇದೆ ಅಂತ ಎರಡನೆಯದನ್ನೂ ಕಣ್ಣುಮುಚ್ಚಿ 12 ಹೇಳಬೇಡಿ. ಎರಡು ಉಂಗುರ ಸೇರಿದರೆ ಅಗಲವಾದ ಒಂದೇ ಉಂಗುರ ಹಾಕಿದ ಹಾಗೆ, ಬಿಗಿ ಅನ್ನಿಸುತ್ತದೆ. ಎರಡೂ ಸೇರಿ 5 ಮಿ.ಮೀ. ದಾಟಿದರೆ ಅರ್ಧ ಸೈಜ್ ಸಡಿಲ ಬೇಕಾಗಬಹುದು. ಅಂಗಡಿಯ ಅಳತೆ ಬಳೆಗಳಲ್ಲಿ ಒಂದನ್ನು ಮೊದಲ ಉಂಗುರದ ಜೊತೆಗೇ ಹಾಕಿ ನೋಡಿ.

ಹೊತ್ತೂ ಮುಖ್ಯ. ಗದಗಿನ ಏಪ್ರಿಲ್ ಮಧ್ಯಾಹ್ನದಲ್ಲಿ ಬೆರಳು ಊದಿರುತ್ತದೆ. ಧಾರವಾಡದ ಡಿಸೆಂಬರ್ ಬೆಳಗಿನಲ್ಲಿ ಅದೇ ಬೆರಳು ಸಣ್ಣಗಾಗಿ ಉಂಗುರ ಜಾರುತ್ತದೆ. ಹದವಾದ ಹವೆಯಲ್ಲಿ, ಸಂಜೆ ಹೊತ್ತಿಗೆ ಅಳತೆ ಕೊಟ್ಟರೆ ನಡುವಿನ ಲೆಕ್ಕ ಸಿಗುತ್ತದೆ. ಬಸುರಿ ಇದ್ದಾಗ ಅಳತೆ ಕೊಡುವುದು ಬೇಡ.

ಬಿಲ್ಲು ಓದುವುದು

ವಜ್ರದುಂಗುರದ ಬಿಲ್ಲಿನಲ್ಲಿ ಎರಡು ತೂಕ ಇರಬೇಕು, ಒಟ್ಟು ತೂಕ ಮತ್ತು ಚಿನ್ನದ ನಿವ್ವಳ ತೂಕ. ಉಂಗುರ 3.10 ಗ್ರಾಂ ತೂಗಿ, ಅದರಲ್ಲಿ 50 ಸೆಂಟ್ ವಜ್ರ ಇದ್ದರೆ ವಜ್ರದ ಪಾಲು 0.10 ಗ್ರಾಂ. ಚಿನ್ನದ ದುಡ್ಡು ಕೊಡಬೇಕಾದ್ದು 3 ಗ್ರಾಂಗೆ ಮಾತ್ರ. ದರವೂ 18 ಕ್ಯಾರೆಟ್ಟಿನದ್ದೇ ಹಾಕಿರಬೇಕು. 24ರ ದರ 100 ರೂಪಾಯಿ ಅಂದುಕೊಂಡರೆ 22ರದ್ದು 91.60, 18ರದ್ದು 75. ಮೂರು ಗ್ರಾಂಗೆ ಈ ವ್ಯತ್ಯಾಸ ಸಣ್ಣದಲ್ಲ. ಅದರ ಮೇಲೆ ವಜ್ರದ ದರ, ಮಜೂರಿ, ಕೊನೆಗೆ ಶೇ 3 ಜಿಎಸ್‌ಟಿ. ವಜ್ರದ ಒಡವೆಯಲ್ಲಿ ಚೌಕಾಸಿಗೆ ಜಾಗ ಇರುವುದು ಹೆಚ್ಚಾಗಿ ಮಜೂರಿಯಲ್ಲಿ, ಸ್ವಲ್ಪ ವಜ್ರದಲ್ಲಿ. ಚಿನ್ನದ ದರದಲ್ಲಿ ಇರಲ್ಲ.

ಹಾಲ್‌ಮಾರ್ಕ್ ಉಂಗುರದ ಒಳಬದಿಯಲ್ಲಿ ಇರುತ್ತದೆ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, 18ಕೆ750 ಅನ್ನುವ ಶುದ್ಧತೆ, ಮತ್ತೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ, ಅಂದರೆ ಆ ಒಡವೆಯದ್ದೇ ಆದ ಗುರುತು ಸಂಖ್ಯೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಗೆ ಈ ಎಚ್‌ಯುಐಡಿ ಇರಲೇಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಶುದ್ಧತೆ, ಒಡವೆಯ ಬಗೆ ಎಲ್ಲ ಬರುತ್ತದೆ. ಅಂಗಡಿಯಲ್ಲೇ ನೋಡಿಬಿಡಿ. ಒಂದು ಸೂಕ್ಷ್ಮ: 2 ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯ ಇಲ್ಲ. ತೆಳುವಾದ ಜೋಡಿ ಉಂಗುರ ಎಷ್ಟೋ ಸಲ ಈ ಗೆರೆಯ ಕೆಳಗೇ ಬರುತ್ತದೆ. ಹಾಗಾದಾಗ ಶುದ್ಧತೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳದೆ ಏಳಬೇಡಿ. ವಜ್ರದ ಕಾರ್ಡ್, ಅಂದರೆ ಕಲ್ಲಿನ ಪ್ರಮಾಣಪತ್ರ, ಹಾಲ್‌ಮಾರ್ಕ್‌ಗಿಂತ ಬೇರೆ. ಅದು ಚಿನ್ನದ ಬಗ್ಗೆ ಅಲ್ಲ, ಕಲ್ಲಿನ ಬಗ್ಗೆ. ಸಣ್ಣ ಕಲ್ಲಿನ ಉಂಗುರಕ್ಕೆ ಒಂದೊಂದು ಕಲ್ಲಿಗೂ ಬೇರೆ ಕಾರ್ಡ್ ಇರಲ್ಲ, ಇಡೀ ಉಂಗುರಕ್ಕೆ ಒಂದು. ಮರಳಿ ಕೊಟ್ಟರೆ ವಜ್ರಕ್ಕೆ ಎಷ್ಟು ಕಡಿತ ಅನ್ನುವುದು ಅಂಗಡಿಗೊಂದು ನಿಯಮ. ಅದನ್ನೂ ಬಾಯಿಮಾತಿಗೆ ಬಿಡದೆ ಬರೆಸಿಕೊಳ್ಳಿ.

ಹಾಕಿಕೊಳ್ಳುವ ಕೈ

ರೊಟ್ಟಿ ಬಡಿಯುವ ಕೈಯಲ್ಲಿ ಜೋಡಿ ಉಂಗುರ ಇದ್ದರೆ ಎರಡರ ನಡುವಿನ ಸಂದಿಗೆ, ಕಲ್ಲಿನ ಕೆಳಗಿನ ಬುಟ್ಟಿಗೆ ಹಿಟ್ಟು ಸೇರಿ ಗಟ್ಟಿಯಾಗುತ್ತದೆ. ವಜ್ರಕ್ಕೆ ಜಿಡ್ಡು ಬೇಗ ಅಂಟುತ್ತದೆ, ಒಗ್ಗರಣೆ ಎಣ್ಣೆಯ ತೆಳು ಪದರ ಸಾಕು ಹೊಳಪು ಹೋಗಲು. ಬ್ಯಾಡಗಿ ಮೆಣಸಿನಕಾಯಿ ಪುಡಿ ಮಾಡುವ ದಿನವಂತೂ ಎರಡನ್ನೂ ತೆಗೆದಿಡಿ. ಸಂದಿಯಲ್ಲಿ ಸೇರಿದ ಖಾರ ಬೆರಳಿಗೆ ಉರಿ ಕೊಡುತ್ತದೆ. ಉಗುರು ಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ಸೋಪು ಹಾಕಿ, ಮೆತ್ತನೆ ಹಲ್ಲುಜ್ಜುವ ಬ್ರಶ್ಶಿನಿಂದ ಹಿಂಬದಿಯಿಂದ ತಿಕ್ಕಿದರೆ ಸಾಕು. ಬಟ್ಟೆಯ ಬ್ಲೀಚ್ ಬೇಡ, ಅದರ ಕ್ಲೋರಿನ್ 18 ಕ್ಯಾರೆಟ್ಟಿನ ಕಡ್ಡಿಗಳನ್ನು ಕಾಲಕ್ರಮೇಣ ತಿನ್ನುತ್ತದೆ. ತೊಳೆಯುವ ಮುಂಚೆ ಸಿಂಕಿನ ತೂತು ಮುಚ್ಚಿ.

ಮದುವೆಗೆ ಅಂತ ಮಾಡಿಸುವುದಾದರೆ ಅಕ್ಷಯ ತದಿಗೆ, ದೀಪಾವಳಿಯ ಗದ್ದಲಕ್ಕೆ ಮುಂಚೆಯೇ ಆರ್ಡರ್ ಕೊಡಿ. ಸೈಜ್ ತಿದ್ದಲು ಒಂದು ಸುತ್ತಿನ ಸಮಯ ಕೈಯಲ್ಲಿರಲಿ. ತರುವ ದಿನ ನಿಶ್ಚಯದ ಉಂಗುರ ಬೆರಳಲ್ಲೇ ಇರಲಿ. ಎರಡನ್ನೂ ಹಾಕಿ ಮುಷ್ಟಿ ಕಟ್ಟಿ ಬಿಡಿಸಿ, ಪಕ್ಕದ ಬೆರಳಿಗೆ ಏನಾದರೂ ಚುಚ್ಚುತ್ತದಾ ನೋಡಿ. ಕಿವಿ ಹತ್ತಿರ ಹಿಡಿದು ಹೊಸ ಉಂಗುರವನ್ನು ಉಗುರಿನಿಂದ ಮೆಲ್ಲಗೆ ತಟ್ಟಿ. ಟಿಕಟಿಕ ಅಂದರೆ ಯಾವುದೋ ಕಲ್ಲು ಸಡಿಲ ಇದೆ. ಆಮೇಲೆ ಹತ್ತಿಯ ಎಳೆ ಒಂದನ್ನು ಕಲ್ಲುಗಳ ಮೇಲೆ ಎಳೆದು ನೋಡಿ. ಎಲ್ಲಾದರೂ ಸಿಕ್ಕಿಕೊಂಡರೆ ಆ ಪ್ರಾಂಗ್ ತಿದ್ದಿಸಿಕೊಂಡ ಮೇಲೆಯೇ ಬಾಕಿ ದುಡ್ಡು ಕೊಡಿ.